ನಾಲ್ಕನೆಯ ಕುರ್ಚಿ

ಸಂಜೆ ಹೊತ್ತು ಗೂಡ್ಸ್ ಯಾರ್ಡಿನಲ್ಲಿ ಡಬ್ಬಿಗಳನ್ನು ಜೋಡಿಸುವ ಸದ್ದು ಒಂದೇ ಸಲಕ್ಕೆ ಬಂದು ಮುಗಿಯುವುದಿಲ್ಲ. ಎಂಜಿನ್ ಹಿಂದಕ್ಕೆ ಸರಿದು ಮೊದಲ ಡಬ್ಬಿಗೆ ಡಿಕ್ಕಿ ಕೊಡುತ್ತದೆ, ಅದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ. ಹಾಗೆ ಧಣ್, ಧಣ್, ಧಣ್ ಎಂದು ಸಾಲಿನುದ್ದಕ್ಕೂ ಓಡಿದ ಸದ್ದು ಕೊನೆಯ ಡಬ್ಬಿಯ ಬಳಿ ಹೋಗಿ, ಮುಂದೆ ಯಾರೂ ಇಲ್ಲವೆಂದು ಗೊತ್ತಾದವರಂತೆ ಸುಮ್ಮನಾಗುತ್ತದೆ. ಯಾರ್ಡಿನ ಗೋಡೆಗೆ ಒತ್ತಿಕೊಂಡೇ ನಿಂತಿರುವ ಹಳೆಯ ಕಟ್ಟಡದ ಮೇಲಂತಸ್ತಿನ ಕೋಣೆಯಲ್ಲಿ ಕಿಟಕಿಯ ಗಾಜು ಆ ಸದ್ದಿಗೆ ಒಮ್ಮೆ ನಡುಗುತ್ತದೆ. ಮಡಿಕೆಯಕ್ಕ ಆಗಷ್ಟೇ ಕೆಲಸದಿಂದ ಬಂದು ಚಪ್ಪಲಿ ಬಿಟ್ಟಿರುತ್ತಾಳೆ. ದೀಪ ಹಾಕುತ್ತಾಳೆ. ಒಲೆಯ ಮೇಲೆ ಒಂದು ಲೋಟ ನೀರಿಟ್ಟು ಕಿಟಕಿಯ ಬಳಿ ನಿಲ್ಲುತ್ತಾಳೆ. ಕೊನೆಯ ಡಬ್ಬಿಯೂ ಮಾತು ಮುಗಿಸಿದ ಮೇಲೆ ಆ ಕೋಣೆಯಲ್ಲಿ ಬಾಯಿ ಬಿಡುವುದು ಕುದಿಯುವ ನೀರು ಮಾತ್ರ.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಊರಿನ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿ, ಚಾದರಗಳನ್ನು ಮಡಿಸುತ್ತ ಮಡಿಸುತ್ತ ಅವಳು ಮಡಿಕೆಯಕ್ಕ ಆದಳು. ತಲೆ ನರೆಯುವ ಹೊತ್ತಿಗೆ ಸಂಬಳ ಕೊಡುವ ಗುಮಾಸ್ತನೂ ಹಾಗೆಯೇ ಕರೆಯತೊಡಗಿದ್ದ. ಮದುವೆಯಾಗಿರಲಿಲ್ಲ. ಅಮ್ಮನಿಗೆ ಕಿವಿ ಮಂದ. ಒಂದು ಮಾತನ್ನು ಮೂರು ಸಲ ಕೂಗಿ ಹೇಳಬೇಕಾಗಿದ್ದುದರಿಂದ ಹೇಳಲೇಬೇಕಾದದ್ದನ್ನಷ್ಟೇ ಹೇಳುವುದು ಅವಳಿಗೆ ಎಳವೆಯಲ್ಲೇ ರೂಢಿಯಾಗಿತ್ತು. ಅಮ್ಮ ಹೋದ ಮೇಲೆ ಹೇಳಲೇಬೇಕಾದದ್ದೂ ಇಲ್ಲವಾಯಿತು. ಊರಿನ ಇನ್ನೊಂದು ತುದಿಯಲ್ಲಿ ಅಣ್ಣ ಇದ್ದ, ಅತ್ತಿಗೆ ಇದ್ದಳು. ಫೋನಿನಲ್ಲಿ ಅತ್ತಿಗೆ ಮಾತಾಡುತ್ತಿದ್ದಳು, ಇವಳು ಹೂಂಗುಟ್ಟುತ್ತಿದ್ದಳು.

ಬಟ್ಟೆ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಗೋಡೆಯೆಲ್ಲ ಹಬೆಗೆ ಬೆವೆತು, ಮಾತಾಡಿದರೆ ಯಂತ್ರಗಳ ಗದ್ದಲದಲ್ಲಿ ಅರ್ಧ ಕೊಚ್ಚಿಕೊಂಡು ಹೋಗುವ ಜಾಗ. ಚಾದರವನ್ನು ಒಬ್ಬರೇ ಮಡಿಸುವಂತಿಲ್ಲ, ಇಬ್ಬರು ಬೇಕು. ಆ ತುದಿಗೊಬ್ಬರು, ಈ ತುದಿಗೊಬ್ಬರು. ನಾಲ್ಕು ಮೂಲೆ ಹಿಡಿದು ಜಗ್ಗಿ, ಕೊಡವಿ, ನಡೆದು ಬಂದು ಮೂಲೆಗೆ ಮೂಲೆ ಸೇರಿಸಿ, ಒಬ್ಬಳು ಬಗ್ಗಿ ಮಡಿಕೆ ಎತ್ತಿಕೊಂಡರೆ ಇಬ್ಬರೂ ಮತ್ತೆ ಹಿಂದಕ್ಕೆ. ಮಡಿಕೆಯಕ್ಕನ ಎದುರು ವರ್ಷಗಟ್ಟಲೆ ನಿಂತವಳು ಕೊಕ್ಕರೆ. ಕತ್ತು ಉದ್ದ, ಕಾಲು ಉದ್ದ, ನಾಲಿಗೆ ಅದಕ್ಕಿಂತ ಉದ್ದ. ಇವಳು ಗಿಡ್ಡ. ಹೀಗಾಗಿ ಹಿಡಿದ ಚಾದರ ಯಾವಾಗಲೂ ಇವಳ ಕಡೆಗೇ ಜಾರಿಕೊಂಡು ಬರುತ್ತಿತ್ತು.

"ಸ್ವಲ್ಪ ಎತ್ತೇ ಮಾರಾಯ್ತಿ, ಮಕ್ಕಳು ಜಾರುಬಂಡೆ ಅಂತ ಹತ್ತಿ ಕೂತಾರು," ಎನ್ನುತ್ತಿದ್ದಳು ಕೊಕ್ಕರೆ.

ಮೂಲೆಗಳು ಸೇರುವಾಗ ಮುಖಗಳೂ ಹತ್ತಿರ ಬರುತ್ತಿದ್ದವು. ಮಾತು ಆಗಲೇ. ಹಿಂದೆ ಸರಿದಾಗ ಗದ್ದಲ, ಏನೂ ಕೇಳಿಸದು. ಆದ್ದರಿಂದ ಕೊಕ್ಕರೆಯ ಗಂಡ ಕುರ್ಚಿ ಮುರಿದುಕೊಂಡು ಬಿದ್ದ ಕತೆ ಒಂದು ಚಾದರದಲ್ಲಿ ಶುರುವಾಗಿ, ಅವನು ಎದ್ದು ಕೂರುವಷ್ಟರಲ್ಲಿ ಒಂದು ಗಾಡಿ ಚಾದರ ಮುಗಿದಿರುತ್ತಿತ್ತು. ಮಡಿಕೆಯಕ್ಕ ಹೇಳುತ್ತಿದ್ದುದು ಕಡಿಮೆ. ಆದರೆ ಮುಂದಿನ ತುಣುಕಿಗಾಗಿ ಅವಳು ಹೆಜ್ಜೆ ಹಾಕಿಕೊಂಡು ಹೋಗುವ ರೀತಿಯಲ್ಲೇ ಕೊಕ್ಕರೆಗೆ ಉತ್ತರ ಸಿಕ್ಕಿಬಿಡುತ್ತಿತ್ತು.

ಆಮೇಲೆ ಮಡಿಸುವ ಯಂತ್ರ ಬಂತು. ಅದಕ್ಕೆ ಎರಡು ಉರುಳೆ, ಒಂದು ಬಾಯಿ. ಈ ಕಡೆ ಚಾದರದ ಅಂಚು ತೂರಿಸಿದರೆ ಆ ಕಡೆ ಚೌಕವಾಗಿ ಬಂದು ಬೀಳುತ್ತದೆ. ಒಬ್ಬರಿದ್ದರೆ ಸಾಕು. ಹೊಲಿಗೆ ಬರುತ್ತದೆಂದು ಕೊಕ್ಕರೆಯನ್ನು ಮೇಲಿನ ಸಮವಸ್ತ್ರದ ಕೋಣೆಗೆ ಹಾಕಿದರು. ಡಾಕ್ಟರರ ಕೋಟುಗಳಿಗೆ ಗುಂಡಿ ಹಚ್ಚುವ ಕೆಲಸ. ಮೊದಲ ವಾರ ಮಡಿಕೆಯಕ್ಕ ಟೀ ವೇಳೆಯಲ್ಲಿ ಮೇಲೆ ಹೋದಳು. ಸೊಂಟದೆತ್ತರದ ಅಡ್ಡಬಾಗಿಲಿನ ಆಚೆ ಅವಳು, ಈಚೆ ಇವಳು.

"ಆರಾಮಾ?"

"ಆರಾಮು. ನೀನು?"

"ಇದ್ದೀನಿ."

ಕೈಗಳಿಗೆ ಹಿಡಿಯಲು ಏನೂ ಇರಲಿಲ್ಲ. ಹತ್ತಿರ ಬರುವುದಕ್ಕೂ ದೂರ ಸರಿಯುವುದಕ್ಕೂ ಒಂದು ನೆಪ ಇಲ್ಲದೆ ಇಬ್ಬರಿಗೂ ಮಾತು ಎಲ್ಲಿಂದ ಹಿಡಿಯಬೇಕೆಂದು ತಿಳಿಯಲಿಲ್ಲ. ಮಡಿಕೆಯಕ್ಕ ಟೀ ಕುಡಿದು ಇಳಿದು ಬಂದಳು. ಮತ್ತೆ ಹೋಗಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ನಲ್ಲಿ ನಿಂತ ಹಾಗೆ ಅದು ನಿಂತುಹೋಯಿತು.

ಸಂಜೆ ತರಗತಿಗಳ ಸಭಾಂಗಣ ಅವಳ ಬಸ್ಸಿನ ದಾರಿಯಲ್ಲೇ ಇತ್ತು. ಒಂದು ದಿನ, ಕಿಟಕಿಗಳಲ್ಲೆಲ್ಲ ದೀಪ ಉರಿದು ಒಳಗೆ ತಲೆಗಳು ಕಾಣಿಸಿದಾಗ, ಅವಳು ಬಸ್ಸಿನಿಂದ ಇಳಿದೇಬಿಟ್ಟಳು. ಮೇಜಿನ ಹಿಂದೆ ಕುಳಿತಿದ್ದ ಗುಮಾಸ್ತೆ ತಲೆ ಎತ್ತದೆಯೇ ಹೇಳಿದಳು:

"ಹೊಲಿಗೆ ತುಂಬಿದೆ. ಕೇಕು ತುಂಬಿದೆ. ಚಿತ್ರ ಬರೆಯೋದು ತುಂಬಿದೆ. ಇಟಾಲಿಯನ್ ಒಂದರಲ್ಲಿ ಜಾಗ ಇದೆ."

"ಅದರಲ್ಲಿ ಏನು ಮಾಡ್ತಾರೆ?"

"ಇಟಾಲಿಯನ್ ಮಾತಾಡ್ತಾರೆ."

"ಯಾರ ಜೊತೆ?"

ಗುಮಾಸ್ತೆ ಈಗ ತಲೆ ಎತ್ತಿ ನೋಡಿದಳು. "ಅದನ್ನ ಒಳಗೆ ಕೇಳಿ."

"ಆಗಲಿ, ಅದಕ್ಕೇ ಸೇರಿಸಿ."

ಸುದ್ದಿ ತಿಳಿದ ಅತ್ತಿಗೆ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು. "ಇಟಾಲಿಯನ್ನಾ? ಅಲ್ಲಿಂದ ಯಾರಾದ್ರೂ ಹೆಣ್ಣು ಕೇಳ್ಕೊಂಡು ಬಂದಿದ್ದಾರಾ? ಹೊಲಿಗೆನಾದ್ರೂ ಕಲಿತಿದ್ರೆ ನನ್ನ ಪರದೆಗಳಿಗೆ ಅಂಚು ಹೊಡೆದು ಕೊಡಬಹುದಿತ್ತಲ್ಲೇ."

"ಅದು ತುಂಬಿಹೋಗಿತ್ತು ಅತ್ತಿಗೆ."

"ನಿನ್ನ ಹಣೆಬರಹ."

ಮೇಷ್ಟ್ರು ಎಂದು ಎಲ್ಲರೂ ಕರೆಯುತ್ತಿದ್ದ ಮನುಷ್ಯ ನಿಜಕ್ಕೂ ಮೇಷ್ಟ್ರಲ್ಲ. ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದು ವಯಸ್ಸಾದ ಮೇಲೆ ನೆಲಕ್ಕೆ ಬಂದವರು. ದೊಡ್ಡ ದೇಹ, ಚಿಕ್ಕ ಧ್ವನಿ. ತರಗತಿಗೆ ಪುಸ್ತಕದ ಬದಲು ಒಂದು ಮರದ ಸೌಟು ತರುತ್ತಿದ್ದರು. ಉದ್ದ ಮೇಜಿನ ಸುತ್ತ ಆರು ಕುರ್ಚಿ ಹಾಕಿಸಿದ್ದರು.

"ಹಡಗಿನಲ್ಲಿ ನಮ್ಮ ಊಟದ ಮೇಜಿಗೂ ಆರೇ ಕುರ್ಚಿ," ಎಂದು ಮೊದಲ ದಿನ ಹೇಳಿದರು. "ಐದು ಜನ ಇಟಲಿಯವರು, ಒಬ್ಬ ನಾನು. ಒಂದು ಕ್ರಿಯಾಪದ ಎತ್ಕೊಳ್ಳೋರು. ಮೊದಲ ಕುರ್ಚಿಯವನು 'ನಾನು' ಅಂತ ಹೇಳ್ಬೇಕು, ಎರಡನೆಯವನು 'ನೀನು', ಮೂರನೆಯವನು 'ಅವನು, ಅವಳು'. ಆಮೇಲೆ 'ನಾವು', 'ನೀವು', 'ಅವರು'. ಸುತ್ತು ಬಂದು ಮುಗಿಯೋವರೆಗೂ ಯಾರೂ ಚಮಚ ಮುಟ್ಟೋ ಹಾಗಿಲ್ಲ. ತಪ್ಪು ಹೇಳಿದವನ ಬಟ್ಟಲು ಪಕ್ಕದವನಿಗೆ. ಅಡುಗೆ ಮಾಡಿದ ನಾನೇ ಎಷ್ಟು ಸಲ ಉಪವಾಸ ಮಲಗಿದ್ದೀನೋ!"

ಅವರು ಕಲಿಸಿದ ರೀತಿಯೂ ಅದೇ. ಈ ಭಾಷೆಯಲ್ಲಿ ನೆಟ್ಟಗೆ ನಡೆದುಕೊಳ್ಳುವ ಕ್ರಿಯಾಪದಗಳಿಗೆ ಮೂರು ಮನೆತನ ಎನ್ನುತ್ತಿದ್ದರು. ಕೊನೆಯಲ್ಲಿ ಆರೆ ಎಂದು ಬರುವವು ಒಂದು, ಎರೆ ಎನ್ನುವವು ಇನ್ನೊಂದು, ಇರೆ ಎನ್ನುವವು ಮತ್ತೊಂದು. ಆ ಬಾಲವನ್ನು ಕತ್ತರಿಸಿ, ಕುರ್ಚಿಗೆ ತಕ್ಕ ಹೊಸ ಬಾಲ ಅಂಟಿಸಬೇಕು.

"ಕತ್ತರಿಸೋ ಕೆಲಸ ನನಗೆ ಬಿಡಿ," ಎಂದ ಮೊದಲ ಕುರ್ಚಿಯ ಕ್ಷೌರಿಕ.

"ನಮ್ಮ ಮಾತಲ್ಲೂ ಇದೇ ತಾನೇ?" ಎಂದರು ಮೇಷ್ಟ್ರು. "ಮಾಡ್ತೀನಿ, ಮಾಡ್ತೀಯ, ಮಾಡ್ತಾನೆ. ಹುಟ್ಟಿದಾಗಿನಿಂದ ಬಾಲ ಅಂಟಿಸ್ತಾನೇ ಇದ್ದೀರಿ, ಗೊತ್ತಿರಲಿಲ್ಲ ಅಷ್ಟೆ."

ಒಂದು ಕಟ್ಟುನಿಟ್ಟು ಮಾತ್ರ ಇತ್ತು. ಕುರ್ಚಿಗೊಂದೇ ಬಾಯಿ. ಪಕ್ಕದವರ ಮಾತು ಗೊತ್ತಿದ್ದರೂ ಹೇಳಕೂಡದು. ಯಾರಾದರೂ ಬಾರದಿದ್ದರೆ ಅವರ ಜಾಗ ಅವರಿಗೇ ಇರಬೇಕು. ಅವರ ಸರದಿ ಬಂದಾಗ ಮೇಷ್ಟ್ರು ಸೌಟಿನಿಂದ ಮೇಜಿಗೆ ಟಕ್ ಎಂದು ಒಂದು ಪೆಟ್ಟು ಕೊಡುತ್ತಿದ್ದರು, ಸುತ್ತು ಮುಂದಕ್ಕೆ ಹೋಗುತ್ತಿತ್ತು.

ಮಡಿಕೆಯಕ್ಕ ತಡವಾಗಿ ಸೇರಿದವಳು. ಅವಳು ಹೋದಾಗ ಉಳಿದಿದ್ದುದು ನಾಲ್ಕನೆಯ ಕುರ್ಚಿ, 'ನಾವು'.

"ಅದೃಷ್ಟವಂತೆ ನೀನು," ಎಂದರು ಮೇಷ್ಟ್ರು. "ಮೂರನೇ ಕುರ್ಚಿಗೂ ಐದನೆಯದಕ್ಕೂ ಆರನೆಯದಕ್ಕೂ ಮನೆತನ ನೋಡಿ ಬಾಲ ಬದಲಾಯಿಸೋ ತಾಪತ್ರಯ. ನಿನಗೆ ಮೂರೂ ಮನೆತನಕ್ಕೆ ಒಂದೇ ಬಾಲ. ಇಯಾಮೊ."

ಮೊದಲ ಸಂಜೆ ಮಾತಾಡುವುದು ಎಂಬ ಕ್ರಿಯಾಪದ. ಪಾರ್ಲೊ, ಎಂದ ಕ್ಷೌರಿಕ. ಪಾರ್ಲಿ, ಎಂದಳು ಎರಡನೆಯ ಕುರ್ಚಿಯ ಅಕ್ಕ. ಪಾರ್ಲ, ಎಂದಳು ಮೂರನೆಯ ಕುರ್ಚಿಯ ಅವಳ ತಂಗಿ. ಆಮೇಲೆ ಎಲ್ಲರೂ ನಾಲ್ಕನೆಯ ಕುರ್ಚಿಯ ಕಡೆ ತಿರುಗಿದರು. ಮಡಿಕೆಯಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಇಷ್ಟು ಮುಖಗಳು ತನ್ನ ಬಾಯಿಂದ ಬರುವ ಒಂದು ಮಾತಿಗಾಗಿ ಕಾದದ್ದು ಅವಳಿಗೆ ನೆನಪಿನಲ್ಲಿರಲಿಲ್ಲ. ಯಾರೂ ಅವಸರ ಮಾಡಲಿಲ್ಲ. ಅವಳು ಹೇಳದ ಹೊರತು ಸುತ್ತು ಮುಂದೆ ಹೋಗುವಂತೆಯೇ ಇರಲಿಲ್ಲ.

"ಪಾರ್ಲಿಯಾಮೊ," ಎಂದಳು.

"ಪಾರ್ಲಾತೆ," ಎಂದ ಐದನೆಯ ಕುರ್ಚಿಯ ನಿವೃತ್ತ ಟಿಕೆಟ್ ಕಲೆಕ್ಟರ್. "ಪಾರ್ಲನೊ," ಎಂದು ಮುಗಿಸಿದಳು ಆರನೆಯ ಕುರ್ಚಿಯ ಬ್ಯಾಂಕ್ ಕ್ಯಾಷಿಯರ್. ಅವಳು ತರಗತಿಯಲ್ಲಿ ಬೇರೆ ಮಾತೇ ಆಡುತ್ತಿರಲಿಲ್ಲ.

ಅಷ್ಟೆ ಇದ್ದದ್ದು. ಅಷ್ಟಕ್ಕಾಗಿ ಮಡಿಕೆಯಕ್ಕ ವಾರವಿಡೀ ಕಾಯತೊಡಗಿದಳು. ಯಂತ್ರದ ಬಾಯಿಗೆ ಚಾದರ ತೂರಿಸುತ್ತ, ಆ ಗದ್ದಲದಲ್ಲಿ ಯಾರಿಗೂ ಕೇಳಿಸದೆಂಬ ಧೈರ್ಯದ ಮೇಲೆ, ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು: ಲಾವಿಯಾಮೊ, ನಾವು ಒಗೆಯುತ್ತೇವೆ. ಪ್ರೆಂದಿಯಾಮೊ, ನಾವು ತೆಗೆದುಕೊಳ್ಳುತ್ತೇವೆ. ಆಪ್ರಿಯಾಮೊ, ನಾವು ತೆರೆಯುತ್ತೇವೆ. ಕೋಣೆಗೆ ಬಂದು ಲೋಟ ತೊಳೆಯುವಾಗಲೂ ಅದೇ. ಮೇಷ್ಟ್ರು ಹೇಳಿದ್ದನ್ನು ಅವಳು ಮನೆಯಲ್ಲೂ ಮೀರಲಿಲ್ಲ. ಉಳಿದ ಐವರ ಮಾತು ಅವಳಿಗೆ ಬರುತ್ತಿತ್ತು, ಕಿವಿಯಲ್ಲೇ ಇತ್ತು, ಆದರೂ ಹೇಳುತ್ತಿರಲಿಲ್ಲ. ಮೂವರು ಹೇಳುವಷ್ಟು ಹೊತ್ತು ಸುಮ್ಮನಿದ್ದು, ತನ್ನದೊಂದನ್ನು ಹೇಳಿ, ಮತ್ತಿಬ್ಬರು ಹೇಳುವಷ್ಟು ಹೊತ್ತು ನಲ್ಲಿಯ ಕೆಳಗೆ ಕೈ ಹಿಡಿದು ನಿಲ್ಲುತ್ತಿದ್ದಳು.

ಮೊದಲು ಬಿಟ್ಟವರು ಅಕ್ಕ ತಂಗಿ. ಇಟಲಿಗೆ ಪ್ರವಾಸ ಹೋಗಬೇಕೆಂದೇ ಇಬ್ಬರೂ ಸೇರಿದ್ದರು. ವಿಮಾನದಲ್ಲಿ ಕಿಟಕಿ ಪಕ್ಕ ಯಾರು ಕೂರಬೇಕೆಂದು, ಟಿಕೆಟ್ಟಿನ ಸುದ್ದಿಯೇ ಇಲ್ಲದೆ, ಜಗಳವಾಡಿ ಮಾತು ಬಿಟ್ಟರು. ಆ ಮೇಜಿಗೆ ಇಬ್ಬರೂ ಮತ್ತೆ ಬರಲಿಲ್ಲ. ಆಮೇಲೆ ಟಿಕೆಟ್ ಕಲೆಕ್ಟರ್. ತರಗತಿಯಲ್ಲಿ ಬರುವ ನಿದ್ದೆ ಮನೆಯಲ್ಲಿ ಇನ್ನೂ ಚೆನ್ನಾಗಿ ಬರುತ್ತದೆಂದು ಕ್ಷೌರಿಕನ ಹತ್ತಿರ ಹೇಳಿಕಳಿಸಿದ. ಈಗ ಸುತ್ತಿನಲ್ಲಿ ಮಾತಿಗೂ ಸೌಟಿಗೂ ಸರಿಸಮ. ನಿದ್ದೆ ಮಾಡುವುದು ಎಂಬುದನ್ನು ಎತ್ತಿಕೊಂಡರೆ, ದೋರ್ಮೊ, ಟಕ್, ಟಕ್, ದೋರ್ಮಿಯಾಮೊ, ಟಕ್, ದೋರ್ಮೊನೊ.

ಒಂದು ಸಂಜೆ ಸಭಾಂಗಣದ ಉಸ್ತುವಾರಿ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತ.

"ಮೇಷ್ಟ್ರೇ, ನಾಲ್ಕು ಜನಕ್ಕಿಂತ ಕಡಿಮೆ ಇದ್ರೆ ಕೋಣೆ ಕೊಡೋ ಹಾಗಿಲ್ಲ. ವ್ಯಾಯಾಮದವರು ಓಣಿಯಲ್ಲೇ ಕೈಕಾಲು ಆಡಿಸ್ತಿದ್ದಾರೆ. ಮುಂದಿನ ವಾರ ನೋಡ್ತೀನಿ. ನಾಲ್ಕು ತಲೆ ಕಂಡ್ರೆ ಸರಿ. ಇಲ್ಲಾಂದ್ರೆ ನನ್ನನ್ನ ಬೈಕೋಬೇಡಿ."

ಅವನು ಹೋದ ಮೇಲೆ ಕ್ಷೌರಿಕ ಗಲ್ಲ ಕೆರೆದುಕೊಂಡ. "ಗಿರಾಕಿಗಳನ್ನ ಕೇಳಿ ಆಯ್ತು. ಕತ್ತಿ ಕುತ್ತಿಗೆ ಹತ್ರ ಇರೋವರೆಗೂ ಎಲ್ಲರೂ ಬರ್ತೀನಿ ಅಂತಾರೆ. ಟವೆಲ್ ತೆಗೆದ ಕೂಡ್ಲೇ ಪರಾರಿ." ಕ್ಯಾಷಿಯರ್ ತನಗೆ ಯಾರೂ ಇಲ್ಲ ಎನ್ನುವಂತೆ ತಲೆ ಅಲ್ಲಾಡಿಸಿದಳು. ಮೇಷ್ಟ್ರು ಸೌಟನ್ನು ಚೀಲಕ್ಕೆ ಹಾಕತೊಡಗಿದರು. ಅವರು ಅದನ್ನು ಹಾಕಿದ ನಿಧಾನ ನೋಡಿ ಮಡಿಕೆಯಕ್ಕನಿಗೆ ಏನಾಯಿತೋ.

"ನಾನು ಒಬ್ಬರನ್ನ ಕರ್ಕೊಂಡು ಬರ್ತೀನಿ," ಎಂದುಬಿಟ್ಟಳು.

ಬಸ್ಸಿನಲ್ಲಿ ಕುಳಿತ ಮೇಲೆ ಯೋಚಿಸಿದಳು. ಯಾರನ್ನು? ಅವಳು ಈವರೆಗೆ ಯಾರನ್ನೂ ಎಲ್ಲಿಗೂ ಕರೆದವಳಲ್ಲ. ಆದರೆ ಈ ಒಂದು ಕೋಣೆ ಕೈತಪ್ಪಿದರೆ, ತನ್ನ ಕಡೆ ತಿರುಗಿ ತನ್ನ ಮಾತಿಗಾಗಿ ಕಾಯುವವರು ಊರಲ್ಲೆಲ್ಲೂ ಇಲ್ಲ. ಇದು ಅವಳಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಿತ್ತು.

ಮೊದಲು ಅತ್ತಿಗೆಗೆ ಫೋನು ಮಾಡಿದಳು.

"ನಾನಾ? ನಿಮ್ಮಣ್ಣನ ಜೊತೆ ಒಂದು ಭಾಷೆಯಲ್ಲಿ ಒದ್ದಾಡಿ ಸಾಕಾಗಿದೆ ತಾಯಿ. ಇನ್ನೊಂದರಲ್ಲಿ ಬೇರೆ ಬೈಸ್ಕೋಬೇಕಾ?"

"ಒಂದೇ ಸಂಜೆ ಬಂದ್ರೆ ಸಾಕು ಅತ್ತಿಗೆ."

"ಒಂದೇ ಸಂಜೆಗೆ ಯಾವ ಭಾಷೆ ಬರುತ್ತೆ? ಸುಮ್ನಿರು. ಅಂದಹಾಗೆ ನಿನಗೆ ಪರದೆ ಹೊಲಿಯೋರು ಯಾರಾದ್ರೂ ಗೊತ್ತಾ?"

ಪಕ್ಕದ ಕೋಣೆಯ ಮುದುಕರು ಬಾಗಿಲು ಅಷ್ಟೇ ಅಷ್ಟು ತೆರೆದು, ಅವಳು ಚಂದಾ ಕೇಳಲು ಬಂದಿರಬೇಕೆಂದು ತಿಳಿದು, ಹೋದ ತಿಂಗಳೇ ಕೊಟ್ಟಾಯಿತು ಎಂದು ಮುಚ್ಚಿಕೊಂಡರು. ಯಾವುದರ ಚಂದಾ ಎಂದು ಕೇಳುವಷ್ಟೂ ಬಿಡುವು ಸಿಗಲಿಲ್ಲ.

ಉಳಿದದ್ದು ಒಂದೇ ಹೆಸರು. ಟೀ ವೇಳೆಯಲ್ಲಿ ಮಡಿಕೆಯಕ್ಕ ಮೆಟ್ಟಿಲು ಹತ್ತಿ ಸಮವಸ್ತ್ರದ ಕೋಣೆಗೆ ಹೋದಳು. ಕೊಕ್ಕೆಗಳಲ್ಲಿ ಬಿಳಿ ಕೋಟುಗಳು ಸಾಲಾಗಿ, ಹೆಗಲು ಜೋಲು ಬಿಟ್ಟು ನೇತಾಡುತ್ತಿದ್ದವು. ಅವುಗಳ ನಡುವಿನಿಂದ ಉದ್ದನೆಯ ಕತ್ತು ಮೇಲೆದ್ದಿತು. ಕೊಕ್ಕರೆ ಹಲ್ಲಿನಲ್ಲಿ ದಾರ ಕಡಿದು ಉಗಿದಳು.

"ಏನೇ ಮಡಿಕೆ, ದಾರಿ ತಪ್ಪಿ ಬಂದ್ಯಾ?"

"ಇಲ್ಲ, ಹೀಗೇ."

"ಹೀಗೇ ಅಂತ ಬರೋಳಲ್ಲ ನೀನು. ಯಾರಾದ್ರೂ ಸತ್ರಾ?"

"ಯಾರೂ ಸತ್ತಿಲ್ಲ."

"ಮತ್ತೆ ಮುಖ ಯಾಕೆ ಒದ್ದೆ ಬಟ್ಟೆ ಹಾಗೆ?"

ಮಡಿಕೆಯಕ್ಕ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಮೇಷ್ಟ್ರು, ಆರು ಕುರ್ಚಿ, ಉಸ್ತುವಾರಿ, ನಾಲ್ಕು ತಲೆ. ಇಷ್ಟುದ್ದ ಮಾತು ಅವಳು ಆಡಿದ್ದನ್ನು ಕೊಕ್ಕರೆ ಎಂದೂ ಕೇಳಿರಲಿಲ್ಲ. ಕೈಯಲ್ಲಿದ್ದ ಗುಂಡಿ ಕೈಯಲ್ಲೇ ಉಳಿಯಿತು.

"ನಾನು ಅಲ್ಲಿ ಬಂದು ಏನು ಮಾಡ್ಬೇಕು?"

"ಕೂತ್ಕೋಬೇಕು. ನಿನ್ನ ಸರದಿ ಬಂದಾಗ ಒಂದು ಮಾತು ಹೇಳ್ಬೇಕು."

"ಒಂದೇ?"

"ಒಂದೇ."

"ಒಂದು ಮಾತು ಹೇಳೋಕೆ ನೀನು ದಾರಿಯಲ್ಲಿ ಬಸ್ಸಿಳಿದು ಹೋಗ್ತೀಯಾ?"

"ಹೂಂ."

ಕೊಕ್ಕರೆ ನಕ್ಕಳು. ಆಮೇಲೆ ನಗು ನಿಂತಿತು. ಗುಂಡಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅಷ್ಟು ವರ್ಷ ಎದುರಾಬದುರು ನಿಂತ್ವಿ. ನಿಮ್ಮಮ್ಮನಿಗೆ ಹುಷಾರಿಲ್ಲ ಅಂದಾಗ ಮನೆಗೆ ಬರ್ಲಾ ಅಂತ ಕೇಳಿದೆ. ಬೇಡ, ತೊಂದರೆ ಯಾಕೆ ಅಂತ ನೀನು. ಅವರು ಹೋದ್ಮೇಲೂ ಕೇಳಿದೆ. ಎಲ್ಲಾ ಮುಗೀತಲ್ಲ ಅಂತ ನೀನು. ನಿನ್ನ ಮನೆ ಬಾಗಿಲು ಯಾವ ಬಣ್ಣ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಈಗ ಬಂದು ಸೀದಾ ಇಟಲಿಗೆ ಕರೀತಿದ್ದೀಯಲ್ಲೇ?"

ಮಡಿಕೆಯಕ್ಕ ಅಡ್ಡಬಾಗಿಲಿನ ಮೇಲಿನ ಹಲಗೆಯನ್ನು ಬೆರಳಿನಿಂದ ಉಜ್ಜಿದಳು. ತೊಂದರೆ ಕೊಡಬಾರದೆಂದು ಬೇಡ ಎಂದದ್ದು ಇನ್ನೊಬ್ಬರ ಮನಸ್ಸಿನಲ್ಲಿ ಇಷ್ಟು ದಿನ ಮುಳ್ಳಾಗಿ ಉಳಿದಿರಬಹುದೆಂದು ಅವಳು ಯೋಚಿಸಿಯೇ ಇರಲಿಲ್ಲ.

"ಹಸಿರು," ಎಂದಳು.

"ಏನು ಹಸಿರು?"

"ಬಾಗಿಲು."

ಕೊಕ್ಕರೆ ಅವಳನ್ನೇ ನೋಡಿದಳು. ನಗಬೇಕೋ ಬೈಯಬೇಕೋ ಗೊತ್ತಾಗದೆ ಇನ್ನೊಂದು ಕೋಟನ್ನು ಎಳೆದುಕೊಂಡಳು. "ನೋಡೋಣ ಹೋಗು. ಬಂದ್ರೆ ಬಂದೆ. ದಾರಿ ಕಾಯ್ತಾ ಕೂರಬೇಡ."

ಆದರೆ ತರಗತಿಯ ಸಂಜೆ ಎಲ್ಲರೂ ದಾರಿ ಕಾಯುತ್ತಲೇ ಕುಳಿತರು. ಮಡಿಕೆಯಕ್ಕ ಎರಡನೆಯ ಕುರ್ಚಿಯ ಧೂಳನ್ನು ತನ್ನ ಕರವಸ್ತ್ರದಿಂದ ಒರೆಸಿಟ್ಟಿದ್ದಳು. ಆ ಕುರ್ಚಿಯ ಬಾಲವೂ ಮೂರು ಮನೆತನಕ್ಕೆ ಒಂದೇ, ಕೊಕ್ಕರೆಗೆ ಸುಲಭವಾದೀತು ಎಂದು ಅವಳೇ ಲೆಕ್ಕ ಹಾಕಿದ್ದಳು. ಕ್ಷೌರಿಕ ಹೊಸ ಅಂಗಿ ತೊಟ್ಟು ಬಂದಿದ್ದ. ಓಣಿಯಲ್ಲಿ ವ್ಯಾಯಾಮದವರ ಚಪ್ಪಲಿ ಸದ್ದು ಬಂದಾಗಲೆಲ್ಲ ನಾಲ್ವರ ಕತ್ತೂ ಬಾಗಿಲ ಕಡೆಗೆ ತಿರುಗುತ್ತಿತ್ತು.

"ಶುರು ಮಾಡೋಣ," ಎಂದರು ಮೇಷ್ಟ್ರು. "ನಾವು ಶುರು ಮಾಡಿದ್ರೆ ಬರ್ತಾರೆ. ಅಡುಗೆ ವಾಸನೆಗೆ ಬಂದ ಹಾಗೆ."

ಯಾವ ಕ್ರಿಯಾಪದ ಎಂದು ಅವರು ಯೋಚಿಸಿರಲೇ ಇಲ್ಲ. ಬಾಗಿಲನ್ನು ನೋಡುತ್ತಿದ್ದವರಿಗೆ ತೋಚಿದ್ದು ಕಾಯುವುದು ಎಂಬುದೊಂದೇ. ಅಸ್ಪೆತ್ತಾರೆ.

"ಅಸ್ಪೆತ್ತೊ," ಎಂದ ಕ್ಷೌರಿಕ.

ಟಕ್. ಟಕ್.

"ಅಸ್ಪೆತ್ತಿಯಾಮೊ," ಎಂದಳು ಮಡಿಕೆಯಕ್ಕ.

ಟಕ್.

"ಅಸ್ಪೆತ್ತನೊ," ಎಂದಳು ಕ್ಯಾಷಿಯರ್.

ಮತ್ತೊಂದು ಸುತ್ತು. ಇನ್ನೊಂದು. ಮೇಷ್ಟ್ರು ಬಾಗಿಲಾಚೆಗೂ ಕೇಳಲೆಂದೋ ಏನೋ ಸೌಟನ್ನು ಸುತ್ತು ಸುತ್ತಿಗೂ ಜೋರಾಗಿ ಬಡಿಯುತ್ತಿದ್ದರು. ಮೇಜು ಅದುರುತ್ತಿತ್ತು. ಕೊನೆಗೆ ಬಾಗಿಲು ತೆರೆದಾಗ ಒಳಗೆ ಬಂದದ್ದು ಬೀಗದ ಕೈ ಗೊಂಚಲು.

ಉಸ್ತುವಾರಿ ತಲೆಗಳನ್ನು ಕಣ್ಣಿನಲ್ಲೇ ಎಣಿಸಿದ. ಮೇಷ್ಟ್ರನ್ನೂ ಎಣಿಕೆಗೆ ಹಿಡಿಯಬೇಕೆಂದು ಕ್ಷೌರಿಕ ವಾದ ಹೂಡಿ ನೋಡಿದ. "ಅಡುಗೆಯವರನ್ನ ಊಟಕ್ಕೆ ಲೆಕ್ಕ ಹಿಡಿಯಲ್ವಾ ಸ್ವಾಮಿ?" ಉಸ್ತುವಾರಿ ಕೆಟ್ಟವನಲ್ಲ. ಅವನು ನೆಲ ನೋಡಿದ. ಅವನ ಹಿಂದಿನಿಂದ ವ್ಯಾಯಾಮದವರು ಸುರುಳಿ ಸುತ್ತಿದ ಚಾಪೆಗಳನ್ನು ಕಂಕುಳಲ್ಲಿ ಹಿಡಿದು ಇಣುಕುತ್ತಿದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ಸರಿಸಿದರು. ಮಡಿಕೆಯಕ್ಕನೂ ಕೈ ಹಾಕ ಹೋದಳು, ಬೇಡ ಬಿಡಿ ಎಂದು ಯಾರೋ ಅವಳ ಕೈಯಿಂದ ತೆಗೆದುಕೊಂಡರು.

ಹೊರಗೆ ಮೆಟ್ಟಿಲ ಮೇಲೆ ನಾಲ್ವರೂ ಸ್ವಲ್ಪ ಹೊತ್ತು ನಿಂತರು.

"ನಿನಗೆ ಆರೂ ಕುರ್ಚಿ ಬರುತ್ತೆ," ಎಂದರು ಮೇಷ್ಟ್ರು ಅವಳಿಗೆ. "ನನಗೆ ಗೊತ್ತು. ಪಕ್ಕದವರ ಸರದಿ ಬಂದಾಗ ನಿನ್ನ ತುಟಿ ಅಲ್ಲಾಡುತ್ತೆ. ಇನ್ನು ನಿನಗೆ ಯಾರೂ ಬೇಕಾಗಿಲ್ಲ."

ಅವರು ಹೊಗಳಿ ಹೇಳಿದ್ದು. ಮಡಿಕೆಯಕ್ಕ ತಲೆ ಆಡಿಸಿದಳು. ಮನೆಗೆ ಬಂದು, ಅಡುಗೆ ಮಾಡಿ, ತಟ್ಟೆ ತೊಳೆಯುವಾಗ ಬಾಯಿ ತೆರೆದು ನೋಡಿದಳು. ಯಾವ ಕುರ್ಚಿಯ ಮಾತೂ ಹೊರಡಲಿಲ್ಲ. ತಟ್ಟೆ ತೊಳೆದು ಬೋರಲು ಹಾಕಿದಳು.

ಮರುದಿನ ಯಂತ್ರದ ಮುಂದೆ ನಿಂತಾಗ ಅವಳಿಗೆ ಕೊಕ್ಕರೆಯ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಸಿಟ್ಟಾದರೂ ಜೊತೆಗಿರುತ್ತಿತ್ತು. ಟೀ ವೇಳೆಯಲ್ಲಿ ಮೇಲೆ ಹೋದಳು, ಇನ್ನು ಬರುವ ಅಗತ್ಯವಿಲ್ಲ ಎಂದು ಹೇಳಿ ಬರಲಿಕ್ಕೆ.

ಅವಳನ್ನು ಕಂಡದ್ದೇ ಕೊಕ್ಕರೆ ಸೂಜಿ ಚುಚ್ಚಿಟ್ಟು ಎದ್ದು ಬಂದಳು. "ಬೈಯೋದಿದ್ರೆ ಬೈದುಬಿಡು. ನಾನು ಬಂದಿದ್ದೆ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ನಿನ್ನ ಇಟಲಿಗೆ. ತಲೆಗೂದಲು ಬಾಚ್ಕೊಂಡು, ಗಂಡನ ಹತ್ರ ಇಲ್ಲದ ಸುಳ್ಳು ಹೇಳಿ, ಬಾಗಿಲವರೆಗೂ ಬಂದಿದ್ದೆ. ಒಳಗೆ ಟಕ್ ಟಕ್ ಅಂತ ಹೊಡೀತಿದ್ರು ಕಣೇ. ಒಬ್ಬರು ಒಂದು ಮಾತು ಹೇಳೋದು, ಎರಡು ಏಟು. ಇನ್ನೊಬ್ಬರು ಹೇಳೋದು, ಇನ್ನೊಂದು ಏಟು. ತಪ್ಪು ಹೇಳಿದ್ರೆ ಹೊಡೀತಾರೆ ಅಂತ ನೀನು ಹೇಳಲೇ ಇಲ್ಲವಲ್ಲ! ನನ್ನ ಎದೆ ಝಲ್ ಅಂತು. ಈ ವಯಸ್ಸಲ್ಲಿ ಏಟು ತಿಂದು ಕಲಿಯೋಕೆ ನನ್ನಿಂದ ಆಗಲ್ಲ ಅಂತ ಹಿಂದೆ ತಿರುಗಿ ನೋಡದೆ ಬಂದೆ. ಬಸ್ಸಲ್ಲಿ ಕೂತು ನಿನ್ನನ್ನೇ ನೆನೆಸ್ಕೊಂಡೆ. ಪಾಪ, ಇದನ್ನೆಲ್ಲ ತಿನ್ಕೊಂಡು ವಾರ ವಾರ ಹೋಗ್ತಾಳಲ್ಲ ಅಂತ."

ಮಡಿಕೆಯಕ್ಕನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅವಳು ಅಡ್ಡಬಾಗಿಲನ್ನು ಹಿಡಿದುಕೊಂಡಳು.

"ಅದು ಏಟಲ್ಲ."

"ಮತ್ತೆ?"

"ಖಾಲಿ ಕುರ್ಚಿಗೆ ಹೊಡೆಯೋದು. ಮೇಜಿಗೆ. ಸೌಟಲ್ಲಿ."

"ಖಾಲಿ ಕುರ್ಚಿ ಏನು ತಪ್ಪು ಮಾಡಿತ್ತು?"

"ತಪ್ಪಲ್ಲ. ಅಲ್ಲಿ ಯಾರೋ ಬರಬೇಕು ಅಂತ. ಅವರ ಜಾಗ ಅವರಿಗೇ ಇರಲಿ ಅಂತ."

ಕೊಕ್ಕರೆಯ ಬಾಯಿ ತೆರೆದೇ ಇತ್ತು. ಅದರಿಂದ ಏನೂ ಹೊರಡದೆ ಇದ್ದುದನ್ನು ಮಡಿಕೆಯಕ್ಕ ಮೊದಲ ಸಲ ನೋಡಿದಳು. ಕೋಟುಗಳ ಸಾಲು ಫ್ಯಾನಿನ ಗಾಳಿಗೆ ಸ್ವಲ್ಪ ತೂಗಿತು.

"ಅಯ್ಯೋ," ಎಂದಳು ಕೊಕ್ಕರೆ ಕೊನೆಗೆ, ಮೆಲ್ಲಗೆ. "ಹಾಗಾದ್ರೆ ಮುಂದಿನ ವಾರ ಬರ್ತೀನಿ. ಖಂಡಿತ. ಒಳಗೇ ಬರ್ತೀನಿ."

"ಮುಗೀತು. ಕೋಣೆ ವ್ಯಾಯಾಮದವರಿಗೆ ಹೋಯ್ತು."

"ನನ್ನಿಂದಾನಾ?"

"ಇಲ್ಲ, ಇಲ್ಲ. ಹೇಗೂ ಹೋಗ್ತಿತ್ತು."

ಹಿಂದಿನ ಸಲದಂತೆಯೇ ಆಚೆ ಅವಳು, ಈಚೆ ಇವಳು. ಕೆಳಗೆ ಕೆಲಸದ ಗಂಟೆ ಹೊಡೆಯಿತು. ಮಡಿಕೆಯಕ್ಕ ಹೊರಡಲು ತಿರುಗಿದಳು. ಈಗ ಇಳಿದು ಹೋದರೆ ಮತ್ತೆ ಹತ್ತುವ ನೆಪ ಸಿಗುವುದಿಲ್ಲ ಎಂಬುದು ಬೆನ್ನಿಗೆ ಗಾಳಿ ತಾಗಿದ ಹಾಗೆ ತಾಗಿತು. ಒಂದು ಹೆಜ್ಜೆ ಇಟ್ಟು ನಿಂತಳು. ಕೊಕ್ಕರೆಯ ಮುಖ ನೋಡುವ ಧೈರ್ಯವಿಲ್ಲದೆ ಒಂದು ಕೋಟಿನ ಮೇಲಿನ ಗುಂಡಿ ನೋಡುತ್ತ ಹೇಳಿದಳು:

"ಭಾನುವಾರ ನನಗೆ ರಜೆ."

"ಎಲ್ಲರಿಗೂ ಭಾನುವಾರ ರಜೆನೇ ಕಣೇ."

"ಹೌದು. ಅಂದ್ರೆ, ನಿನಗೆ ಬೇರೆ ಕೆಲಸ ಇಲ್ಲದಿದ್ರೆ. ಕೊನೇ ಸ್ಟಾಪಲ್ಲಿ ಇಳಿದ್ರೆ ನಾನೇ ಬಂದು ನಿಂತಿರ್ತೀನಿ, ಹುಡುಕೋದೇನೂ ಬೇಡ. ದೂರ ಆಗುತ್ತೆ, ಗೊತ್ತು. ಅಲ್ಲಿ ನೋಡೋಕೂ ಏನಿಲ್ಲ. ಸುಮ್ಮನೆ ಕೂತು ಒಂದು ಟೀ. ಆಗಲ್ಲ ಅಂದ್ರೂ ಬೇಜಾರಿಲ್ಲ, ಆದ್ರೆ ಬರೋದಾದ್ರೆ ನಾವು..."

ಮಾತು ಅಲ್ಲಿಗೆ ಬಂದಾಗ ಅವಳ ಕಾಲುಗಳು ಆಗಲೇ ಹೊರಟಿದ್ದವು. ಏನು, ನಾವು ಏನು, ಪೂರ್ತಿ ಹೇಳಿ ಹೋಗೇ ಎಂದು ಅಡ್ಡಬಾಗಿಲಿನಿಂದ ಅರ್ಧ ದೇಹ ಹೊರಚಾಚಿ ಕೊಕ್ಕರೆ ಕೂಗುತ್ತಿದ್ದರೂ ಮಡಿಕೆಯಕ್ಕ ನಿಲ್ಲಲಿಲ್ಲ, ಕಿವಿಯವರೆಗೂ ಬಿಸಿಯಾಗಿ, ಪಕ್ಕದ ಕಂಬಿ ಹಿಡಿದು, ಕೆಳಗಿನ ಗದ್ದಲದ ಕಡೆಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ, ಹೇಳದೆ ಉಳಿದ ಮಾತನ್ನು ತುಟಿಯಲ್ಲೇ ಹೇಳಿಕೊಂಡಳು: ಪಾರ್ಲಿಯಾಮೊ.